ಅರ್ಥವಾಗದ ಭಾಷೆಯೊಳಗೊಂದು ಆಟ

ಮಕ್ಕಳು ಕಂಪ್ಯೂಟರ್ ಮುಂದೆ ಕುಳಿತರೆಂದರೆ ತಾಯಂದಿರ ಎದೆ ಹೊಡೆದುಕೊಳ್ಳುತ್ತದೆ. ಗುಂಡಿನ ಸದ್ದು, ಓಡುವ ಕಾರು, ಚೆಲ್ಲುವ ರಕ್ತ. ಊಟಕ್ಕೆ ಕರೆದರೆ ಕಿವಿಗೆ ಬೀಳುವುದಿಲ್ಲ, ಅಝಾನ್ ಆದರೂ ಏಳುವುದಿಲ್ಲ. ಆದ್ದರಿಂದ ಕಂಪ್ಯೂಟರ್ ಆಟ ಎಂದರೆ ಕಾಲಹರಣ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಆದರೆ ಚಿತ್ರವೂ ಇಲ್ಲದ, ಸದ್ದೂ ಇಲ್ಲದ, ಬರೀ ಅಕ್ಷರಗಳಿಂದಲೇ ನಡೆಯುವ ಆಟಗಳೂ ಇವೆ ಎಂಬುದು ಅನೇಕರಿಗೆ ತಿಳಿದಿಲ್ಲ. ಅವುಗಳಲ್ಲಿ ಕೆಲವಂತೂ ಆಡುವವರಿಗೆ ಒಂದು ಹೊಸ ಭಾಷೆಯನ್ನೇ ಕಲಿಸುತ್ತವೆ. ಅದೂ ಎಂಥ ಭಾಷೆ? ಜಗತ್ತಿನಲ್ಲಿ ಯಾರೂ ಆಡದ, ಒಬ್ಬ ಲೇಖಕ ಕುಳಿತು ಕಟ್ಟಿದ ಭಾಷೆ!

ಮಗಳಂದಿರಿಗಾಗಿ ಹುಟ್ಟಿದ ಆಟ

ಅಮೆರಿಕದ ವಿಲ್ ಕ್ರೌದರ್ ಎಂಬ ಕಂಪ್ಯೂಟರ್ ತಜ್ಞರಿಗೆ ಗುಹೆಗಳನ್ನು ಹೊಕ್ಕು ನೋಡುವ ಹವ್ಯಾಸವಿತ್ತು. ದಾಂಪತ್ಯ ಮುರಿದು ಮಕ್ಕಳಿಂದ ದೂರವಾದಾಗ, ತನ್ನ ಇಬ್ಬರು ಹೆಣ್ಣುಮಕ್ಕಳು ಬಂದಾಗ ಆಡಲೆಂದು 1975-76ರ ಸುಮಾರಿಗೆ ಅವರು ಒಂದು ಆಟ ಬರೆದರು. ಪರದೆಯ ಮೇಲೆ ‘ನೀನು ಇಂಥಲ್ಲಿದ್ದೀಯಾ, ಎದುರಿಗೆ ಇಂಥದ್ದಿದೆ’ ಎಂಬ ವರ್ಣನೆ ಬರುತ್ತದೆ. ಆಡುವವರು ‘ಉತ್ತರಕ್ಕೆ ಹೋಗು’, ‘ದೀಪ ತೆಗೆದುಕೋ’ ಎಂದು ಟೈಪ್ ಮಾಡಬೇಕು. ಅದಕ್ಕೆ ತಕ್ಕಂತೆ ಕಥೆ ಮುಂದುವರಿಯುತ್ತದೆ. 1977ರಲ್ಲಿ ಡಾನ್ ವುಡ್ಸ್ ಎಂಬವರು ಅದನ್ನು ವಿಸ್ತರಿಸಿದರು. ‘ಅಡ್ವೆಂಚರ್’ ಎಂದು ಹೆಸರಾದ ಈ ಆಟದಿಂದಲೇ ಪಠ್ಯಸಾಹಸ ಆಟಗಳ ದೊಡ್ಡ ಪರಂಪರೆ ಬೆಳೆಯಿತು. ಅಂಗಡಿಗಳಲ್ಲಿ ಇವುಗಳ ಮಾರಾಟ ಕುಸಿದ ಮೇಲೂ ಆಸಕ್ತರು ಸ್ವಂತ ಖುಷಿಗಾಗಿ ಬರೆದು, ವರ್ಷಕ್ಕೊಮ್ಮೆ ಸ್ಪರ್ಧೆ ನಡೆಸಿ, ಉಚಿತವಾಗಿ ಹಂಚುತ್ತಾ ಬಂದಿದ್ದಾರೆ.

ಜ್ವರದ ಮಗು, ಅಪರಿಚಿತನ ಮಾತು

1997ರ ಸ್ಪರ್ಧೆಯಲ್ಲಿ ಗೆದ್ದ ಆಟ ಲೂಸಿಯನ್ ಸ್ಮಿತ್ ಬರೆದ ‘ದಿ ಎಡಿಫಿಸ್’. ಆದಿಮಾನವನ ಕಾಲದಿಂದ ಹಂತಹಂತವಾಗಿ ಮೇಲೇರುವ ಕಥೆ ಅದರದ್ದು. ಅದರ ಒಂದು ಹಂತದಲ್ಲಿ ನಿಮ್ಮ ಮಗ ಜ್ವರದಿಂದ ಮಲಗಿದ್ದಾನೆ. ಔಷಧದ ಎಲೆಯ ವಿಷಯ ಬಲ್ಲವನು ಬೇರೆ ಬುಡಕಟ್ಟಿನ ಒಬ್ಬ ಅಪರಿಚಿತ. ಅವನ ಭಾಷೆ ನಿಮಗೆ ತಿಳಿಯದು, ನಿಮ್ಮದು ಅವನಿಗೆ ತಿಳಿಯದು. ಒಂದು ವಸ್ತುವನ್ನು ತೋರಿಸಿ ಅವನ ಬಾಯಿಂದ ಬಂದ ಶಬ್ದವನ್ನು ನೆನಪಿಟ್ಟುಕೊಳ್ಳಬೇಕು, ಅದನ್ನೇ ತಿರುಗಿ ಹೇಳಿ ಅವನು ಏನು ಮಾಡುತ್ತಾನೆಂದು ನೋಡಬೇಕು. ಹೀಗೆ ಒಂದೊಂದೇ ಪದ ಕೂಡಿಸಿ ಕೊನೆಗೆ ಸಹಾಯ ಕೇಳುವಷ್ಟು ಕಲಿಯಬೇಕು. ಮಗುವಿನ ತಲೆ ಸುಡುತ್ತಿರುವಾಗ, ಭಾಷೆ ಬಾರದ ಊರಿನ ಆಸ್ಪತ್ರೆಯ ಕಿಟಕಿಯ ಮುಂದೆ ನಿಂತ ಯಾವ ತಾಯಿಗೂ ಈ ಆಟದ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ಸಹಾಯವೂ ಅದೇ ಭಾಷೆಯಲ್ಲಿ!

2001ರಲ್ಲಿ ಕಾರ್ಲ್ ಮುಕೆನ್‌ಹೌಪ್ಟ್ ಎಂಬವರು ಬರೆದ ‘ದಿ ಗೊಸ್ಟಾಕ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇದಕ್ಕೊಂದು ಹಿನ್ನೆಲೆಯಿದೆ. ಆಂಡ್ರೂ ಇಂಗ್ರಹಾಮ್ ಎಂಬ ಲೇಖಕರು 1903ರಲ್ಲಿ, ಅರ್ಥವಿಲ್ಲದ ಪದಗಳಿಂದಲೂ ಅರ್ಥ ಹುಟ್ಟುವ ಬಗೆಯನ್ನು ತೋರಿಸಲು ಗೊಸ್ಟಾಕ್, ದೋಶ್ ಎಂಬ ಪದಗಳನ್ನು ಕಟ್ಟಿ ಒಂದು ವಾಕ್ಯ ರಚಿಸಿದ್ದರು. 1923ರಲ್ಲಿ ಆಗ್ಡನ್ ಮತ್ತು ರಿಚರ್ಡ್ಸ್ ಎಂಬ ವಿದ್ವಾಂಸರ ಗ್ರಂಥದಿಂದ ಅದು ಪ್ರಸಿದ್ಧವಾಯಿತು. ಆ ಒಂದು ವಾಕ್ಯದ ಸುತ್ತ ಈ ಆಟ ಒಂದು ಲೋಕವನ್ನೇ ಕಟ್ಟಿದೆ.

ಕನ್ನಡದಲ್ಲಿ ಹೀಗೆ ನೋಡೋಣ: ‘ಜಬಕನು ಲೊಬೆಗಳನ್ನು ಗಿಮುಕಿದನು.’ ಇದರಲ್ಲಿ ಒಂದು ಪದವೂ ನಿಘಂಟಿನಲ್ಲಿಲ್ಲ. ಆದರೂ ಗಿಮುಕಿದ್ದು ಯಾರು? ಜಬಕ. ಏನನ್ನು? ಲೊಬೆಗಳನ್ನು. ಲೊಬೆ ಒಂದೇ ಇತ್ತೇ? ಇಲ್ಲ, ಹಲವು. ಕೆಲಸ ಮುಗಿಯಿತೇ? ಮುಗಿಯಿತು. ಜಬಕ ಗಂಡೋ ಹೆಣ್ಣೋ? ಗಂಡು. ನೋಡಿ, ಏನೂ ತಿಳಿಯದೆಯೇ ನಾವು ಐದು ಪ್ರಶ್ನೆಗೆ ಉತ್ತರಿಸಿದೆವು! ‘ಗಳು’, ‘ಅನ್ನು’, ‘ದನು’ ಎಂಬ ಪುಟ್ಟ ಪ್ರತ್ಯಯಗಳು ನಮ್ಮ ಕೈಹಿಡಿದು ನಡೆಸಿದವು.

ಗೊಸ್ಟಾಕ್ ಆಟದಲ್ಲಿ ಇಂಗ್ಲಿಷಿನ ಸಣ್ಣಪುಟ್ಟ ಪದಗಳು ಮತ್ತು ವ್ಯಾಕರಣ ಮಾತ್ರ ಉಳಿದಿವೆ. ಹೆಸರುಗಳು, ಕೆಲಸಗಳು, ದಿಕ್ಕುಗಳು ಎಲ್ಲವೂ ಕಟ್ಟಿದ ಪದಗಳೇ. ‘ನೋಡು’, ‘ತೆಗೆದುಕೋ’ ಎಂಬ ಮಾಮೂಲಿ ಆಜ್ಞೆಗಳಿಗೆ ಅಲ್ಲಿ ಬೆಲೆಯಿಲ್ಲ, ಆ ಲೋಕದ ಕ್ರಿಯಾಪದಗಳನ್ನೇ ಹುಡುಕಿಕೊಳ್ಳಬೇಕು. ತಪ್ಪಿದರೆ ಬರುವ ಗದರಿಕೆಯೂ ಅದೇ ಭಾಷೆಯಲ್ಲಿ. ಸೋತು ಸಹಾಯ ಕೇಳಿದರೆ ಆ ಸಹಾಯವೂ ಅದೇ ಭಾಷೆಯಲ್ಲಿ! ಮೊದಲ ಅರ್ಧ ಗಂಟೆ ತಲೆ ಚಿಟ್ಟು ಹಿಡಿಯುತ್ತದೆ. ಆಡುವವರು ಪಕ್ಕದಲ್ಲೊಂದು ನೋಟ್ ಪುಸ್ತಕ ಇಟ್ಟುಕೊಂಡು ಸ್ವಂತ ನಿಘಂಟು ತಯಾರಿಸುತ್ತಾರೆ. ಒಂದು ಪದವನ್ನು ಊಹಿಸುವುದು, ಬಳಸಿ ನೋಡುವುದು, ತಪ್ಪಾದರೆ ಹೊಡೆದು ಹಾಕಿ ಮತ್ತೆ ಬರೆಯುವುದು. ವಿಚಿತ್ರವೆಂದರೆ, ಆಟ ಮುಗಿಸಿದ ಮೇಲೂ ಆ ಪದಗಳಿಗೆ ಸರಿಯಾದ ಅನುವಾದ ಹೇಳಲು ಬರುವುದಿಲ್ಲ, ಆದರೆ ಅವುಗಳನ್ನು ಬಳಸಲು ಬರುತ್ತದೆ.

ಡೇವಿಡ್ ಫಿಶರ್ ಬರೆದ ‘ಸುವೆ ನಕ್ಸ್’ (2007) ಸ್ವಲ್ಪ ಸುಲಭ. ಬೀಗ ಬಿದ್ದ ಒಂದೇ ಕೋಣೆ, ಕಲ್ಪಿತ ಭಾಷೆಯ ಕೆಲವು ಪದಗಳು. ಪದಗಳನ್ನು ಅದಲು ಬದಲು ಮಾಡಿ ಜೋಡಿಸಿದರೆ ಪರಿಣಾಮ ಬದಲಾಗುತ್ತದೆ. ಪ್ರತಿ ತುಂಡಿನ ಕೆಲಸವನ್ನು ಕಂಡುಹಿಡಿದರೆ ಬಾಗಿಲು ತೆರೆಯುವ ದಾರಿ ಸಿಗುತ್ತದೆ. ಇದು ಮಾಂತ್ರಿಕರ ಕಥೆಯ ಆಟವಾದ್ದರಿಂದ ಮಕ್ಕಳ ಕೈಗೆ ಕೊಡುವ ಮುನ್ನ ತಾಯಿ ತಂದೆ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಈ ವಿದ್ಯೆ ನಮಗೆ ಹೊಸದಲ್ಲ

ಅರ್ಥವಾಗದ ಬರಹವನ್ನು ಬಿಡಿಸುವ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಮೊದಲಿಗರು 9ನೇ ಶತಮಾನದ ಬಗ್ದಾದಿನ ವಿದ್ವಾಂಸ ಅಲ್ ಕಿಂದಿ. ಗುಪ್ತಲಿಪಿಯಲ್ಲಿ ಯಾವ ಚಿಹ್ನೆ ಎಷ್ಟು ಬಾರಿ ಬಂದಿದೆ ಎಂದು ಎಣಿಸಿ, ಆ ಭಾಷೆಯಲ್ಲಿ ಹೆಚ್ಚಾಗಿ ಬಳಕೆಯಾಗುವ ಅಕ್ಷರಗಳೊಂದಿಗೆ ಹೋಲಿಸಿದರೆ ಗುಟ್ಟು ಬಯಲಾಗುತ್ತದೆ ಎಂದು ಅವರು ಬರೆದರು. ಇನ್ನು ಭಾಷೆಯನ್ನೇ ಕಟ್ಟುವ ವಿಚಾರಕ್ಕೆ ಬಂದರೆ, 16ನೇ ಶತಮಾನದ ಉಸ್ಮಾನಿಯಾ ಸಾಮ್ರಾಜ್ಯದಲ್ಲಿ ‘ಬಾಲೈಬಲನ್’ ಎಂಬ ಕಲ್ಪಿತ ಭಾಷೆ ನಿಘಂಟು, ವ್ಯಾಕರಣಗಳೊಂದಿಗೆ ಸಿದ್ಧವಾಗಿತ್ತು. ಸೂಫಿ ವಿದ್ವಾಂಸ ಮುಹ್ಯಿ ಗುಲ್ಶನಿ ಅದರ ಕರ್ತೃ ಎನ್ನಲಾಗುತ್ತದೆ.

ಪ್ರವಾದಿವರ್ಯರ(ಸ) ಆದೇಶದಂತೆ ಹಝ್ರತ್ ಝೈದ್ ಬಿನ್ ಸಾಬಿತ್(ರ) ಯಹೂದಿಯರ ಬರಹವನ್ನು ಅರ್ಧ ತಿಂಗಳೊಳಗೆ ಕಲಿತ ಘಟನೆ ಹದೀಸ್‌ನಲ್ಲಿದೆ. ಮನುಷ್ಯರ ಭಾಷೆಗಳಲ್ಲಿರುವ ಭಿನ್ನತೆಯನ್ನು ಪವಿತ್ರ ಕುರ್‌ಆನ್ ಸೂರಃ ಅರ್ರೂಮ್‌ನಲ್ಲಿ ಅಲ್ಲಾಹನ ದೃಷ್ಟಾಂತಗಳಲ್ಲಿ ಎಣಿಸಿದೆ.

ಮನೆಯಲ್ಲೇ ಆಡಿ ನೋಡಿ

ಗೊಸ್ಟಾಕ್ ಆಡಲು ತಕ್ಕಮಟ್ಟಿನ ಇಂಗ್ಲಿಷ್ ಬೇಕು. ಅದಿಲ್ಲದಿದ್ದರೂ ಚಿಂತೆಯಿಲ್ಲ, ಕಂಪ್ಯೂಟರೇ ಇಲ್ಲದೆ ಇದನ್ನು ಆಡಬಹುದು. ರಜೆಯ ದಿನ ತಾಯಿ ಹತ್ತು ಪದ ಕಟ್ಟಿಕೊಳ್ಳಲಿ. ನೀರಿಗೆ ‘ಪಿಟು’, ಚಮಚಕ್ಕೆ ‘ಗೊರಿ’, ಕೊಡು ಎನ್ನಲು ‘ಲಾಸೆ’ ಎಂದಿಟ್ಟುಕೊಳ್ಳಿ. ‘ಪಿಟು ಲಾಸೆ’ ಎಂದು ಕೈ ಚಾಚಿ. ಮಗು ಚಮಚ ತಂದರೆ ತಲೆಯಾಡಿಸಿ, ನೀರು ತಂದರೆ ನಕ್ಕು ಕುಡಿಯಿರಿ. ಮರುದಿನ ‘ಬೇಡ’ ಎಂಬರ್ಥದ ಒಂದು ಬಾಲ ಸೇರಿಸಿ. ನಿಯಮ ಒಂದೇ: ಅರ್ಥ ಹೇಳಬಾರದು, ಕೇಳಬಾರದು. ಮಕ್ಕಳೇ ನಿಘಂಟು ಬರೆಯಲಿ. ನಂತರ ಅವರು ಭಾಷೆ ಕಟ್ಟಲಿ, ನೀವು ಬಿಡಿಸಿ. ಅಮ್ಮ ತಡವರಿಸುವುದನ್ನು ಕಂಡ ಮಕ್ಕಳಿಗೆ, ತಾವು ತಡವರಿಸುವುದು ಅವಮಾನವಲ್ಲವೆಂದು ತಿಳಿಯುತ್ತದೆ.

ನಿಜವಾದ ಲಾಭ ಅದೇ. ನಮ್ಮ ಕರಾವಳಿಯನ್ನೇ ನೋಡಿ. ಬ್ಯಾರಿ ಮಾತನಾಡುವ ಮನೆಯ ಹುಡುಗಿ ಉರ್ದು ಮಾತನಾಡುವ ಮನೆಗೆ ಸೊಸೆಯಾಗಿ ಹೋಗುತ್ತಾಳೆ. ಊಟದ ಹೊತ್ತಿಗೆ ಎಲ್ಲರೂ ನಗುವಾಗ ಇವಳು ಏಕೆಂದು ತಿಳಿಯದೆ ತಲೆ ತಗ್ಗಿಸುತ್ತಾಳೆ. ಕನ್ನಡ ಮಾಧ್ಯಮದಲ್ಲಿ ಜಾಣೆಯಾಗಿದ್ದ ಬಾಲಕಿ ಪಿಯುಸಿ ತರಗತಿಯಲ್ಲಿ ಇಂಗ್ಲಿಷಿನ ಪಾಠ ಕೇಳಿ ‘ನಾನು ದಡ್ಡಿ’ ಎಂದುಕೊಳ್ಳುತ್ತಾಳೆ, ಕೆಲವರು ಓದನ್ನೇ ಬಿಡುತ್ತಾರೆ. ಅವರಿಗೆ ಬುದ್ಧಿಯ ಕೊರತೆಯಿರಲಿಲ್ಲ. ಅರ್ಥವಾಗದ ಮೊದಲ ದಿನಗಳನ್ನು ದಾಟುವ ಧೈರ್ಯವನ್ನು ಯಾರೂ ಕೊಟ್ಟಿರಲಿಲ್ಲ, ಅಷ್ಟೇ. ತಪ್ಪು ಮಾಡಿದರೆ ನಗುವವರಿಲ್ಲದ ಕಡೆ ಭಾಷೆ ಬೇಗ ಬರುತ್ತದೆ. ಈ ಆಟಗಳಲ್ಲಿ ನಗುವವರಿಲ್ಲ. ನಮ್ಮ ಅಡುಗೆಮನೆಗಳಲ್ಲಿ, ತರಗತಿಗಳಲ್ಲಿ ನಗುವವರಿದ್ದಾರೆ.

ಸಹೋದರಿಯರೇ, ಆಟಕ್ಕೂ ಒಂದು ಮಿತಿಯಿರಲಿ, ನಮಾಝ್‌ಗೂ ಓದಿಗೂ ಅದು ಅಡ್ಡಬರದಿರಲಿ. ಆದರೆ ನಾಳೆ ಹೊಸ ಸೊಸೆ ಒಂದು ಪದವನ್ನು ತಪ್ಪಾಗಿ ಉಚ್ಚರಿಸಿದಾಗ, ನಗುವ ಬದಲು ಆ ವಸ್ತುವನ್ನು ಅವಳ ಕೈಗಿತ್ತು ಸರಿಯಾದ ಪದವನ್ನು ಮೆಲ್ಲಗೆ ಹೇಳಿ. ಆಟದ ಆ ಅಪರಿಚಿತ ಜ್ವರದ ಮಗುವಿನ ಮನೆಯವರಿಗೆ ಮಾಡಿದ್ದೂ ಅಷ್ಟೇ.