ಪ್ರಬಂಧ ಬರೆದರೆ ಮುಗಿಯಿತೇ ಸ್ವಾಮಿ?

“ಎರಡು ಜೀವ ಹೋದದ್ದಕ್ಕೆ ಮುನ್ನೂರು ಪದದ ಪ್ರಬಂಧವಂತೆ! ನಮ್ಮ ಕಾಲದಲ್ಲಿ ಹೋಂವರ್ಕ್ ಮಾಡದಿದ್ದರೇ ಮೇಷ್ಟ್ರು ಇದಕ್ಕಿಂತ ಜಾಸ್ತಿ ಬರೆಸ್ತಿದ್ರು!”

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಬೈಟೂ ಕಾಫಿ ಕುಡಿಯುತ್ತಾ ಯಾರೇ ಈ ಮಾತು ತೆಗೆದರೂ ಪಕ್ಕದ ಮೇಜಿನವರು ತಲೆಯಾಡಿಸುತ್ತಾರೆ. ಸಿಟ್ಟು ಬರುವಂಥ ಮಾತೇ ಬಿಡಿ. ಆದರೆ ಸಿಟ್ಟಿನ ಜೊತೆ ಒಂದಿಷ್ಟು ವಿಷಯವನ್ನೂ ತಿಳಿದುಕೊಳ್ಳೋಣ. ನಾಳೆ ಕಟಕಟೆಯಲ್ಲಿ ನಿಲ್ಲುವವನು ನಮ್ಮ ಮನೆ ಹುಡುಗನಾಗಬಹುದು. ರಸ್ತೆಯಲ್ಲಿ ಸಾಯುವವನೂ ನಮ್ಮ ಮನೆ ಹುಡುಗನೇ ಆಗಬಹುದು!

ಪುಣೆಯಲ್ಲಿ ಆದದ್ದೇನು?

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ಭಾರೀ ಬೆಲೆಯ ಕಾರೊಂದು ಬೈಕಿಗೆ ಗುದ್ದಿತು. ಬೈಕಿನಲ್ಲಿದ್ದ ಇಬ್ಬರು ಯುವ ಇಂಜಿನಿಯರುಗಳು, ಒಬ್ಬ ಹುಡುಗ ಮತ್ತು ಒಬ್ಬಳು ಹುಡುಗಿ, ಸತ್ತರು. ಕಾರು ಓಡಿಸುತ್ತಿದ್ದವನು 17 ವರ್ಷದವನು ಎಂಬುದು ಪೊಲೀಸರ ಆರೋಪ. ಬಾಲ ನ್ಯಾಯ ಮಂಡಳಿ ಅಂದೇ ಜಾಮೀನು ಕೊಟ್ಟಿತು. ರಸ್ತೆ ಅಪಘಾತದ ಬಗ್ಗೆ 300 ಪದ ಬರೆಯಬೇಕೆಂಬುದು ಷರತ್ತುಗಳಲ್ಲಿ ಒಂದು.

ದೇಶವೇ ರೇಗಿತು. ಕೆಲವೇ ದಿನಗಳಲ್ಲಿ ಆದೇಶ ಬದಲಾಗಿ ಹುಡುಗ ವೀಕ್ಷಣಾಲಯಕ್ಕೆ ಹೋದ. ಜೂನ್ 25ರಂದು ಬಾಂಬೆ ಹೈಕೋರ್ಟು ಬಿಡುಗಡೆಗೆ ಆದೇಶಿಸಿತು. ದೊಡ್ಡವನೆಂದೇ ತಿಳಿದು ವಿಚಾರಣೆ ನಡೆಸಿ ಎಂಬ ಪೊಲೀಸರ ಕೋರಿಕೆಯನ್ನು ಮಂಡಳಿ 2025ರ ಜುಲೈನಲ್ಲಿ ತಳ್ಳಿಹಾಕಿತು.

ಇಲ್ಲೊಂದು ಮಾತು ಗಮನಿಸಿ. ಆ ಪ್ರಬಂಧ ಶಿಕ್ಷೆಯಲ್ಲ, ಬರೀ ಜಾಮೀನಿನ ಷರತ್ತು. ವಿಚಾರಣೆ ಇನ್ನೂ ಶುರುವೇ ಆಗಿರಲಿಲ್ಲ. ಆದರೂ ಜನಕ್ಕೆ ಅದು ಶಿಕ್ಷೆಯಂತೆಯೇ ಕಂಡಿತು. ತಪ್ಪು ಯಾರದು? ಆದೇಶದ ಹಿಂದಿನ ಲೆಕ್ಕವನ್ನು ಜನಕ್ಕೆ ಯಾರೂ ಬಿಡಿಸಿ ಹೇಳಲಿಲ್ಲ!

ದೊಡ್ಡವನೆಂದು ಯಾಕೆ ನೋಡಲಿಲ್ಲ?

2012ರ ಡಿಸೆಂಬರಿನ ದೆಹಲಿ ಪ್ರಕರಣ ನೆನಪಿದೆಯಲ್ಲ? ಆರೋಪಿಗಳಲ್ಲಿ ಒಬ್ಬನಿಗೆ 18 ತುಂಬಲು ಕೆಲವೇ ತಿಂಗಳು ಬಾಕಿ. ಅವನಿಗೆ ಸಿಕ್ಕಿದ್ದು ವಿಶೇಷ ಗೃಹದಲ್ಲಿ ಮೂರು ವರ್ಷ. ಆ ಆಕ್ರೋಶದಿಂದ ಹುಟ್ಟಿದ್ದೇ 2015ರ ಬಾಲ ನ್ಯಾಯ ಕಾಯ್ದೆ. ಅದರ ಪ್ರಕಾರ 16 ದಾಟಿದವರು ಘೋರ ಅಪರಾಧ ಮಾಡಿದ್ದಾರೆಂಬ ಆರೋಪವಿದ್ದರೆ, ಅವರ ಮನಸ್ಸು, ದೇಹ, ಪರಿಣಾಮ ತಿಳಿಯುವ ಶಕ್ತಿಯನ್ನು ಮಂಡಳಿ ಅಳೆಯಬೇಕು. ಆಮೇಲೆ ಬೇಕಾದರೆ ದೊಡ್ಡವರಂತೆ ವಿಚಾರಣೆಗೆ ಕಳಿಸಬಹುದು. ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಅದು ‘ಘೋರ’. ಗರಿಷ್ಠ ಎಷ್ಟೇ ಇದ್ದರೂ ಕನಿಷ್ಠ ಹೇಳದ ಅಪರಾಧ ಈ ಗುಂಪಿಗೆ ಸೇರುವುದಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ.

ಔಷಧಿ ಇದೆ, ಕೊಡುವವರು ಬೇಕು

ಮಂಡಳಿ ಅಂದರೆ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಸೇವಕರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ಅವರ ಚೀಲದಲ್ಲಿ ಏನೆಲ್ಲ ಇದೆ ನೋಡಿ: ಬುದ್ಧಿಮಾತು, ಆಪ್ತ ಸಮಾಲೋಚನೆ, ಸಮುದಾಯ ಸೇವೆ, ಹೆತ್ತವರ ಮೇಲೆ ದಂಡ, ಪ್ರೊಬೇಷನ್, ಕೊನೆಗೆ ಮೂರು ವರ್ಷದವರೆಗೆ ವಿಶೇಷ ಗೃಹ. ಹುಡುಗನ ಮನೆ, ಸಹವಾಸ, ಹಿಂದಿನ ನಡತೆಯ ವರದಿ ನೋಡಿ ಆರಿಸಬೇಕು.

“ಜೈಲಿಗೇ ಹಾಕಿ ಸ್ವಾಮಿ” ಅನ್ನುವವರಿದ್ದಾರೆ. ಹದಿನಾರರ ಹುಡುಗನನ್ನು ಪಳಗಿದ ಕಳ್ಳರ ಜೊತೆ ಕೂಡಿಹಾಕಿದರೆ ಅವನು ಕಲಿತು ಬರುವುದು ಯಾವ ವಿದ್ಯೆ ಅಂತ ಬೇರೆ ಹೇಳಬೇಕೇ? ಹಾಗಂತ ಬೆನ್ನು ತಟ್ಟಿ ಮನೆಗೆ ಕಳಿಸಿದರೆ, ಮಗನನ್ನು ಕಳೆದುಕೊಂಡ ತಾಯಿಗೆ ಏನು ಉತ್ತರ?

ಬದಲಾಗಬೇಕಾದದ್ದು ಇಲ್ಲಿ. ಯಾವ ಆದೇಶ, ಯಾಕೆ ಎಂದು ಮಂಡಳಿ ಬರೆದು ಹೇಳಲಿ. ನೊಂದ ಮನೆಯವರ ಮಾತನ್ನೂ ಕೇಳಲಿ. ಅಪಘಾತ ಮಾಡಿದವನು ಆರು ತಿಂಗಳು ಭಾನುವಾರ ಭಾನುವಾರ ಸರ್ಕಾರಿ ಆಸ್ಪತ್ರೆಯ ಅಪಘಾತ ವಾರ್ಡಿನಲ್ಲಿ ಸ್ಟ್ರೆಚರ್ ತಳ್ಳಲಿ. ಬಂದನೋ ಇಲ್ಲವೋ ಎಂದು ಒಬ್ಬ ಅಧಿಕಾರಿ ಹಾಜರಿ ತೆಗೆದುಕೊಳ್ಳಲಿ. ಈ ಅಳತೆ ಕಾರಿನ ಹುಡುಗನಿಗೂ ಅದೇ, ಬಸ್ಸಿನಲ್ಲಿ ಪರ್ಸ್ ಎಗರಿಸಿದ ಹುಡುಗನಿಗೂ ಅದೇ ಆಗಿರಲಿ. ಜಾಮೀನು ಇಬ್ಬರಿಗೂ ಇದೆ. ಆದರೆ ಕರೆದುಕೊಂಡು ಹೋಗಲು ಯಾರೂ ಬಾರದವನು ವೀಕ್ಷಣಾಲಯದಲ್ಲೇ ಉಳಿಯುತ್ತಾನಲ್ಲ!

ಅಂಗಡಿಯವರೇ, ಸ್ವಲ್ಪ ಕೇಳಿ

“ಗೋಡೌನಿಂದ ಒಂದು ಮೂಟೆ ತಗೊಂಡು ಬಾರೋ” ಅಂತ ಹೈಸ್ಕೂಲ್ ಹುಡುಗನ ಕೈಗೆ ಸ್ಕೂಟರ್ ಕೀಲಿ ಕೊಡುತ್ತೀರಲ್ಲ? 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆ ಓದಿ. ಅಪ್ರಾಪ್ತ ಹುಡುಗ ಗಾಡಿ ಓಡಿಸಿ ಅಪರಾಧವಾದರೆ, ತನಗೆ ಗೊತ್ತೇ ಇರಲಿಲ್ಲ ಅಥವಾ ತಡೆಯಲು ಆದಷ್ಟೂ ಮಾಡಿದೆ ಎಂದು ರುಜುವಾತು ಮಾಡದ ಹೊರತು ಪೋಷಕ ಅಥವಾ ಮಾಲೀಕನೇ ತಪ್ಪಿತಸ್ಥ. ಮೂರು ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ.

ಪ್ರಬಂಧ ಹುಡುಗ ಬರೆಯುತ್ತಾನೋ ಬಿಡುತ್ತಾನೋ, ಕೀಲಿ ಕೊಟ್ಟ ಕೈಗೆ ಮಾತ್ರ ಬರೆದಿಟ್ಟ ಶಿಕ್ಷೆ ಇದೆ. ಇವತ್ತು ಅಂಗಡಿ ಮುಚ್ಚುವಾಗ ಕೀಲಿ ಎಲ್ಲಿದೆ, ಒಮ್ಮೆ ನೋಡಿಕೊಳ್ಳಿ.