ಹೀರೋ ಗನ್ನೇ ಬೇರೆ, ಗುರಿಕಾರನ ಗನ್ನೇ ಬೇರೆ!

‘ಡರ್ಟಿ ಹ್ಯಾರಿ’ (1971) ನೋಡಿದವರು ಕ್ಲಿಂಟ್ ಈಸ್ಟ್‌ವುಡ್ ಕೈಲಿದ್ದ ಆ ಭಾರೀ ರಿವಾಲ್ವರನ್ನು ಮರೆಯೋದುಂಟೇ? ಸ್ಮಿತ್ ಅಂಡ್ ವೆಸನ್ ಮಾಡೆಲ್ 29, .44 ಮ್ಯಾಗ್ನಮ್! ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಪ್ರವೇಶವೇ ಇಲ್ಲ. ಇದ್ದರೂ ಏನು ಪ್ರಯೋಜನ? ಗುಂಡು ಹಾರಿದೊಡನೆ ಮೂತಿ ಆಕಾಶ ನೋಡುತ್ತೆ, ಮತ್ತೆ ಗುರಿಗಿಳಿಸೋಷ್ಟರಲ್ಲಿ ಆಟ ಮುಗಿದಿರುತ್ತೆ.

ನಮ್ಮ ಸೇನೆಯ ವಿಜಯ್ ಕುಮಾರ್ 2012ರಲ್ಲಿ ಲಂಡನ್‌ನಲ್ಲಿ ಬೆಳ್ಳಿ ಗೆದ್ದದ್ದು ಪುಟ್ಟ .22 ಗುಂಡಿನ ಪಿಸ್ತೂಲಿನಿಂದ. ದೂರ 25 ಮೀಟರ್. ಫೈನಲ್‌ನಲ್ಲಿ 5 ಗುಂಡಿಗೆ ಸಿಗೋದು ಬರೀ 4 ಸೆಕೆಂಡು! ಇಂಥ ಪಿಸ್ತೂಲಿನ ಒದೆತ ಕಡಿಮೆ. ಹಿಡಿ ಅಂಗೈಗೆ ಅಚ್ಚು ಹೊಯ್ದಂತೆ. ಟ್ರಿಗರ್ ಬೆಣ್ಣೆಯಂತೆ ನಯ. ಹಿಂದಿನ ಕಿಂಡಿಗೂ ಮುಂದಿನ ಗುರಿಮೊಳೆಗೂ ಅಂತರ ಹೆಚ್ಚಿದ್ದಷ್ಟೂ ಕೈಯ ಓರೆ ಬೇಗ ಕಾಣುತ್ತೆ.

ಬಾಂಡ್‌ನ ವಾಲ್ಥರ್ ಪಿಪಿಕೆ? ಕೋಟಿನೊಳಗೆ ಬಚ್ಚಿಡೋಕೆ ಬಲು ಚೆಂದ. ನಳಿಗೆ ಮಾತ್ರ ಅರ್ಧ ಗೇಣೂ ಇಲ್ಲ!