ಚೀಲದ ಚೀಟಿ, ಮಸ್ಕಿಯ ಬಂಡೆ

ಬಿತ್ತನೆ ಭತ್ತದ ಚೀಲ ಮನೆಗೆ ಬಂದಾಗ ಅದರ ಬಾಯಿಗೆ ಹೊಲಿದಿರುವ ಚೀಟಿಯನ್ನು ಏನು ಮಾಡುತ್ತೀರಿ? ಎಷ್ಟೋ ಮನೆಗಳಲ್ಲಿ ಅದು ದಾರದ ಜೊತೆಗೇ ಕಿತ್ತುಬಂದು ತಿಪ್ಪೆ ಸೇರುತ್ತದೆ. ಮಕ್ಕಳೇ, ಈ ಸಲ ಅದನ್ನು ಎತ್ತಿಟ್ಟುಕೊಳ್ಳಿ. ಅಂಗೈಯಗಲದ ಆ ಚೀಟಿಯಲ್ಲಿ ವಿಜ್ಞಾನದ ಒಂದು ಪಾಠವೇ ಇದೆ.

ಸಿಂಧನೂರಿನಿಂದ ರಾಯಚೂರಿನ ಕಡೆಗೆ ಹೋಗುವ ದಾರಿಯಲ್ಲಿರುವ ಜವಳಗೇರಾದ ಮಕ್ಕಳಿಗಂತೂ ಬೀಜ ಹೊಸದಲ್ಲ. ರಾಷ್ಟ್ರೀಯ ಬೀಜ ನಿಗಮದ ಫಾರಂ ಇರುವುದು ಅವರ ಊರಲ್ಲೇ. ಬೀಜಕ್ಕೂ ತಲೆಮಾರುಗಳಿವೆ, ಚೀಟಿಯ ಬಣ್ಣ ನೋಡಿದರೆ ಯಾವ ತಲೆಮಾರು ಎಂದು ತಿಳಿಯುತ್ತದೆ. ತಳಿ ರೂಪಿಸಿದ ವಿಜ್ಞಾನಿಗಳ ಕಡೆಯಿಂದ ಬರುವ ತಳಿವರ್ಧಕ ಬೀಜಕ್ಕೆ ಬಂಗಾರದ ಹಳದಿ ಬಣ್ಣ. ಅದನ್ನು ಬಿತ್ತಿ ಬೆಳೆದ ಮೂಲ ಬೀಜಕ್ಕೆ ಬಿಳಿ. ಅದರಿಂದ ಬೆಳೆದು ರೈತರ ಕೈಗೆ ಬರುವ ಪ್ರಮಾಣಿತ ಬೀಜಕ್ಕೆ ನೀಲಿ.

ಇನ್ನು ಅಂಕಿಗಳು. ಭತ್ತದ ಪ್ರಮಾಣಿತ ಬೀಜಕ್ಕೆ ಮೊಳಕೆ ಕನಿಷ್ಠ ಶೇ. 80, ಶುದ್ಧತೆ ಕನಿಷ್ಠ ಶೇ. 98, ತೇವಾಂಶ ಗರಿಷ್ಠ ಶೇ. 13 ಇರಬೇಕೆಂಬುದು ನಿಯಮ. ಇಲ್ಲಿ ಅಂಕಿಗಿಂತ ಅದರ ಹಿಂದಿನ ಪದ ಮುಖ್ಯ. ‘ಕನಿಷ್ಠ’ ಎಂದರೆ ಇದಕ್ಕಿಂತ ಕೆಳಗಿಳಿಯಬಾರದು, ‘ಗರಿಷ್ಠ’ ಎಂದರೆ ಇದಕ್ಕಿಂತ ಮೇಲೇರಬಾರದು. ಈ ಎರಡು ಪದ ಅದಲುಬದಲಾದರೆ ಒಳ್ಳೆಯ ಬೀಜ ಕೆಟ್ಟದ್ದಾಗಿ, ಕೆಟ್ಟದ್ದು ಒಳ್ಳೆಯದಾಗಿ ಕಾಣುತ್ತದೆ. ನೂರು ಕಾಳು ಎಣಿಸಿ ಒದ್ದೆ ಗೋಣಿಬಟ್ಟೆಯಲ್ಲಿ ಸುತ್ತಿಟ್ಟು, ಮೊಳೆತವನ್ನು ಎಣಿಸಿ ಚೀಟಿಯ ಅಂಕಿಯ ಪಕ್ಕ ಬರೆದಿಡಿ. ಅದು ಗಣಿತವೋ, ವಿಜ್ಞಾನವೋ, ಓದೋ? ಮೂರೂ ಹೌದು.

ಆದರೆ ನಮ್ಮ ಶಾಲೆಗಳಲ್ಲಿ ಓದು ಕಲಿಸುವುದು ಕನ್ನಡ ಪೀರಿಯಡ್‌ನ ಕೆಲಸ ಎಂದೇ ಇಂದಿಗೂ ಭಾವನೆ. ವಿಜ್ಞಾನ, ಸಮಾಜ ವಿಜ್ಞಾನಕ್ಕೆ ಬಂದರೆ ಒಬ್ಬರು ಗಟ್ಟಿಯಾಗಿ ಪಾಠ ಓದುತ್ತಾರೆ, ಉಳಿದವರು ಬೆರಳಿಟ್ಟು ಹಿಂಬಾಲಿಸುತ್ತಾರೆ, ಕೊನೆಗೆ ಬೋರ್ಡಿನ ಮೇಲಿನ ನೋಟ್ಸ್ ಕಾಪಿಗೆ ಇಳಿಯುತ್ತದೆ. ಹೀಗೆ ಓದಿದ ಮಗು ಒಂದಕ್ಷರ ತಪ್ಪದೆ ‘ದ್ಯುತಿಸಂಶ್ಲೇಷಣೆ’ ಎನ್ನಬಲ್ಲದು. ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸುವುದು ಎಂದು ಯಾರೂ ಬಿಡಿಸಿ ಹೇಳದಿದ್ದರೆ, ಎಲೆ ಬೆಳಕಿನ ಬಲದಿಂದ ತನ್ನ ಊಟ ಕೂಡಿಸಿಕೊಳ್ಳುತ್ತದೆ ಎಂಬ ಸೊಗಸಾದ ಸಂಗತಿ ಆ ಮಗುವಿಗೆ ತಿಳಿಯುವುದೇ ಇಲ್ಲ.

ಎಲ್ಲ ವಿಷಯದ ಶಿಕ್ಷಕರೂ ಭಾಷೆ ಕಲಿಸಬೇಕು ಎಂದು ಇಂಗ್ಲೆಂಡಿನ ಬುಲಕ್ ವರದಿ 1975ರಲ್ಲೇ ಹೇಳಿತ್ತು. ನಮ್ಮ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರಲ್ಲಿ ಅದನ್ನೇ ಹೇಳಿತು. ಈಗ ಬಿ.ಇಡಿ. ಓದುವವರಿಗೆ ಅದೇ ಒಂದು ವಿಷಯ. ಕಾಗದದ ಮೇಲೆ ಎಲ್ಲ ಸರಿಯಿದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿದ್ದರೆ ರಾಯಚೂರು ಜಿಲ್ಲೆಯದು ಶೇ. 60ನ್ನೂ ಮುಟ್ಟಿರಲಿಲ್ಲ. ಇಂಥ ಕಡೆ ಮನೆಯ ಮೊದಲ ಓದುಗ ಎಷ್ಟೋ ಸಲ ಶಾಲೆಗೆ ಹೋಗುವ ಮಗುವೇ.

ಹಾಗೆಂದು ಅಜ್ಜ-ಅಜ್ಜಿಯರಿಗೆ ಇಲ್ಲಿ ಕೆಲಸವಿಲ್ಲ ಎಂದುಕೊಳ್ಳಬೇಡಿ. ಪುಸ್ತಕ ‘ಲವಣಯುಕ್ತ ಮಣ್ಣು’ ಎಂದು ಒಂದು ಸಾಲಿನಲ್ಲಿ ಮುಗಿಸುತ್ತದೆ. ಅಜ್ಜ ಅದನ್ನು ಸವಳು ಎನ್ನುತ್ತಾರೆ, ನೀರು ನಿಂತು ಕೆಟ್ಟ ನೆಲವನ್ನು ಜವಳು ಎನ್ನುತ್ತಾರೆ. ತುಂಗಭದ್ರಾ ಅಣೆಕಟ್ಟಿನ ನೀರು ಹರಿಯತೊಡಗಿದ್ದು 1953ರಲ್ಲಿ. ಎಡದಂಡೆ ಕಾಲುವೆ ಈ ಸೀಮೆಗೆ ಬಂದ ಮೇಲೆ ಜೋಳದ ಎರೆಹೊಲ ಭತ್ತದ ಗದ್ದೆಯಾಯಿತು. ನೀರು ಹೆಚ್ಚಾದ ಕಡೆ ಅಂತರ್ಜಲ ಮೇಲೆದ್ದಿತು, ಬಿಸಿಲಿಗೆ ನೀರು ಆವಿಯಾಯಿತು, ಅದರಲ್ಲಿದ್ದ ಉಪ್ಪು ಮಣ್ಣಿನ ಮೇಲೆ ಬೆಳ್ಳಗೆ ಉಳಿಯಿತು. ಪರೀಕ್ಷೆಯಲ್ಲಿ ‘ಕಾರಣ ಕೊಡಿ’ ಎಂದು ಕೇಳುವುದು ಇದನ್ನೇ. ‘ತಾತ, ನಮ್ಮ ಹೊಲ ಯಾವಾಗಿಂದ ಸವಳಾತು?’ ಎಂದು ಕೇಳಿ, ಅವರು ಹೇಳಿದ್ದನ್ನು ಮೊದಲು ಏನಾಯಿತು, ಅದರಿಂದ ಏನಾಯಿತು ಎಂದು ನಾಲ್ಕು ವಾಕ್ಯದಲ್ಲಿ ಬರೆಯಿರಿ. ಗೈಡಿನ ಉತ್ತರಕ್ಕಿಂತ ಅದು ಚೆನ್ನಾಗಿರುತ್ತದೆ ಎಂಬುದು ನನ್ನ ಖಾತ್ರಿ.

ಸಮಾಜ ವಿಜ್ಞಾನದ ಓದಿನ ದಾರಿ ಬೇರೆ. ಅಲ್ಲಿ ಅಳತೆಗಿಂತ ಸಾಕ್ಷಿ ಮುಖ್ಯ. ಅದಕ್ಕೆ ಸಿಂಧನೂರು ದಾಟಿ ಮಸ್ಕಿಗೆ ಹೋದರೆ ಸಾಕು. ನಿಜಾಮರ ಆಳ್ವಿಕೆಯ ಕಾಲ, 1915. ಚಿನ್ನದ ಅದಿರು ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಅಲ್ಲಿನ ಬಂಡೆಯ ಮೇಲಿನ ಬರಹ ಬಿತ್ತು. ಜೇಮ್ಸ್ ಪ್ರಿನ್ಸೆಪ್ 1837ರಲ್ಲೇ ಬ್ರಾಹ್ಮಿ ಲಿಪಿಯ ಗುಟ್ಟು ಬಿಡಿಸಿದ್ದರು. ಆದರೆ ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ಅರಸನಿಗೆ ‘ದೇವಾನಂಪಿಯ’, ‘ಪಿಯದಸಿ’ ಎಂಬ ಬಿರುದುಗಳೇ ಇದ್ದವು. ಆತ ಅಶೋಕನೇ ಎಂದು ವಿದ್ವಾಂಸರು ಶ್ರೀಲಂಕಾದ ಪಾಲಿ ಗ್ರಂಥಗಳ ನೆರವಿನಿಂದ ಊಹಿಸಿದ್ದರು. ಮಸ್ಕಿಯ ಬಂಡೆಯಲ್ಲಿ ‘ಅಸೋಕಸ’, ಅಂದರೆ ‘ಅಶೋಕನ’ ಎಂದು ಸ್ಪಷ್ಟವಾಗಿ ಕೆತ್ತಿತ್ತು. ಊಹೆಗೆ ಸಾಕ್ಷಿ ಸಿಕ್ಕಿತು.

ಈಗ ಒಂದು ವಾಕ್ಯ ನೋಡಿ: ‘ಅಶೋಕನ ಹೆಸರಿರುವ ಶಾಸನ ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ.’ ‘ಅಶೋಕ ಮೊದಲು ಶಾಸನ ಬರೆಸಿದ್ದು ಮಸ್ಕಿಯಲ್ಲಿ’ ಎಂದು ಇದರ ಅರ್ಥವೇ? ಅಲ್ಲ. ಸಿಗುವುದು ಬೇರೆ, ಬರೆಸುವುದು ಬೇರೆ. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳಗಳಲ್ಲೂ ಆ ಹೆಸರಿನ ಶಾಸನಗಳು ಸಿಕ್ಕವು. ಇನ್ನೊಂದು ಗೊಂದಲ ಲಿಪಿ ಮತ್ತು ಭಾಷೆಯದು. ಮಸ್ಕಿಯ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ನಿಮ್ಮ ಅಣ್ಣ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ‘ಊಟ ಆಯ್ತಾ’ ಎಂದು ಕಳಿಸುತ್ತಾನಲ್ಲ, ಹಾಗೆ: ಅಕ್ಷರ ಒಂದರದು, ಮಾತು ಇನ್ನೊಂದರದು.

ಶಾಸನದ ಮುಂದೆ ನಿಂತಾಗ ಕೇಳಬೇಕಾದ ಇನ್ನೊಂದು ಪ್ರಶ್ನೆ, ಇದನ್ನು ಯಾರಿಗಾಗಿ ಬರೆದರು ಎಂಬುದು. ಅಂದಿನ ಜನರಲ್ಲಿ ಓದಬಲ್ಲವರೆಷ್ಟು! ಕಳಿಂಗದ ಶಾಸನಗಳಲ್ಲಿ ಅಶೋಕ, ಇದನ್ನು ಗೊತ್ತಾದ ದಿನಗಳಂದು ಜನರಿಗೆ ಓದಿ ಕೇಳಿಸಬೇಕು ಎಂದು ಅಧಿಕಾರಿಗಳಿಗೆ ತಾಕೀತು ಮಾಡಿದ್ದಾನೆ.

ಅದೇ ಪ್ರಶ್ನೆಯನ್ನು ಗದ್ದೆಗೆ ಹೊಡೆಯುವ ಔಷಧಿ ಡಬ್ಬಿಗೂ ಕೇಳಿ. ಅದರ ಮೇಲಿನ ಬಣ್ಣದ ಗುರುತು ಓದು ಬಾರದವರಿಗೂ ತಿಳಿಯಲೆಂದು ಇರುವುದು. ಕೆಂಪು ಎಲ್ಲಕ್ಕಿಂತ ಘೋರ ವಿಷ. ಹಳದಿ, ನೀಲಿ, ಹಸಿರು ಎಂದು ಒಂದೊಂದೇ ಮೆಟ್ಟಿಲು ವಿಷ ಇಳಿಯುತ್ತದೆ. ಆದರೆ ಹಸಿರಿದ್ದರೂ ಅದು ವಿಷವೇ. ಎಕರೆಗೆ ಎಷ್ಟು, ಎಷ್ಟು ನೀರಿಗೆ, ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕು, ಮೈಗೆ ಬಿದ್ದರೆ ಏನು ಮಾಡಬೇಕು ಎಂಬುದನ್ನು ಬಣ್ಣ ಹೇಳಲಾರದು. ಅದು ಜೊತೆಗೆ ಮಡಚಿಟ್ಟ ಕಾಗದದಲ್ಲಿ ಸಣ್ಣ ಅಕ್ಷರಗಳಲ್ಲಿರುತ್ತದೆ. ಡಬ್ಬಿ ಮುಟ್ಟುವುದು ದೊಡ್ಡವರ ಕೆಲಸ, ಮಕ್ಕಳು ದೂರವೇ ಇರಬೇಕು. ಪಂಪು ತುಂಬುವ ಮೊದಲು ಆ ಕಾಗದವನ್ನು ಮಾತ್ರ ಇಸಿದುಕೊಂಡು, ಅಂಗಳದಲ್ಲಿ ಕೂತು ತಾತನಿಗೆ ನಿಧಾನವಾಗಿ, ಅಂಕಿ ಬಂದ ಕಡೆ ಎರಡೆರಡು ಸಲ ಓದಿ ಹೇಳಿ.